ಬೀಗರು ಕುಡಿದ ಜುಲಾಬು

ಅಂದು ಸಂಜೆ ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿ ಮತ್ತು ಒಂದು ದೊಡ್ಡ ಜಗ್ಗು. ಮೂವರಲ್ಲಿ ಧೈರ್ಯವಾಗಿದ್ದದ್ದು ಜಗ್ಗು ಮಾತ್ರ. ಮಲದಲ್ಲಿ ರಕ್ತ ಕಂಡ ದಿನದಿಂದ ನಾನು ಮನಸ್ಸಿನಲ್ಲೇ ಹಲವು ಸಲ ಸತ್ತು, ಮಣ್ಣಿಗೆ ಬಂದವರು ನನ್ನ ಬಗ್ಗೆ ಏನೇನು ಆಡಿಕೊಳ್ಳುತ್ತಾರೆಂಬುದನ್ನೂ ಕೇಳಿಸಿಕೊಂಡಿದ್ದೆ. ಮರುದಿನ ವಿಜಯಪುರದ ಡಾಕ್ಟರು ಹಿಂದಿನ ದಾರಿಯಿಂದ ಕ್ಯಾಮೆರಾ ಬಿಟ್ಟು ನೋಡುವವರಿದ್ದರು. ಅದಕ್ಕೆ ಮೊದಲು ಜಗ್ಗಿನಲ್ಲಿ ಕಲಸಿದ ಪುಡಿಯ ನೀರನ್ನೆಲ್ಲ ಕುಡಿದು ಕರುಳು ತೊಳೆದುಕೊಳ್ಳಬೇಕು, ಒಂದು ಗ್ಲಾಸೂ ಉಳಿಸಬಾರದು ಎಂದು ಅವರ ಕಟ್ಟಪ್ಪಣೆ. ರುಚಿಯೋ, ನಿಂಬೆ ಶರಬತ್ತಿಗೆ ಯಾರೋ ಸಕ್ಕರೆಯ ಬದಲು ಸೇಡು ಕಲಸಿದಂತಿತ್ತು.

ನಮ್ಮ ಕಡೆ ಒಂದು ರೂಢಿಯಿದೆ. ತಿನ್ನುವಾಗ ಕುಡಿಯುವಾಗ ಯಾರೇ ಬಂದರೂ "ಬರ್ರಿ, ತೊಗೋರಿ" ಎನ್ನಬೇಕು. ಬಂದವರು "ಈಗರ ಆತ್ರಿ, ನೀವು ತೊಗೋರಿ" ಎನ್ನಬೇಕು. ಇಬ್ಬರೂ ಸುಳ್ಳು ಹೇಳಿ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಅಜ್ಜಿ ನನಗೆ ಇದನ್ನು ಅಕ್ಷರಕ್ಕಿಂತ ಮೊದಲೇ ಕಲಿಸಿದ್ದಳು.

ಗ್ಲಾಸು ತುಟಿಗೆ ಹಚ್ಚಿದ್ದೆ, ಆಲಮೇಲದಿಂದ ಬೀಗರು, ಅಂದರೆ ಮಗಳ ಮಾವ, ಒಳಗೆ ಬಂದರು. ನನ್ನ ಬಾಯಿ ನನ್ನನ್ನು ಕೇಳದೆಯೇ "ಬರ್ರಿ ಬೀಗರ, ತೊಗೋರಿ" ಎಂದಿತು. ಬೀಗರು ಕೈ ಚಾಚಿದರು.

"ಅಯ್ಯ, ಅದು ಜುಲಾಬ್ರಿ!" ಎಂದು ಹೆಂಡತಿ ಚೀರಿದಳು.

"ಬೀಗರು ಕೊಟ್ಟದ್ದಕ್ಕ ಒಲ್ಲೆ ಅನ್ನೂದು ನಮ್ಮ ಮನೆತನದಾಗ ಇಲ್ರಿ ಬೀಗತ್ಯಾರ. ಮ್ಯಾಲ ನಂದು ಔಡಲೆಣ್ಣಿ ಅರಗಿಸಿದ ಹೊಟ್ಟಿ ಐತಿ" ಎಂದು ಬೀಗರು ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ಉಪ್ಪು ಒಂಚೂರು ಹೆಚ್ಚಾಗೇತಿ" ಎಂದರು. ಒಂದೇ ಗ್ಲಾಸಿಗೆ ನಿಲ್ಲಿಸಿದರೆ ಹೆಣ್ಣು ಕೊಟ್ಟವರು ಜಿಪುಣರು ಎಂದಾರೆಂದು ಹೆದರಿ ಇನ್ನೊಂದನ್ನೂ ತುಂಬಿಕೊಟ್ಟೆ.

ಮನೆಯಲ್ಲಿ ಸಂಡಾಸ ಒಂದೇ. ಸ್ವಲ್ಪ ಹೊತ್ತಿಗೆ ಇಬ್ಬರೂ ಕೂಡಿಯೇ ಅದರ ಬಾಗಿಲಿಗೆ ಬಂದೆವು.

"ನೀವು ಮೊದಲ ಹೋಗ್ರಿ ಬೀಗರ" ಎಂದೆ.

"ಛೆ ಛೆ! ಮನಿ ನಿಮ್ದು, ರೋಗಾನೂ ನಿಮ್ದು. ನೀವು ಹೋಗ್ರಿ."

"ಹಂಗಂದ್ರ ಹೆಂಗ್ರಿ, ಬಂದವರು ನೀವು..."

"ಯಾರರ ಒಬ್ರು ಹೋಗ್ರಿ!" ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ಸಂಡಾಸದ ಮುಂದ ಮದವಿ ಮಾತುಕತಿ ನಡ್ಸೀರೇನು?"

ಬೀಗರು ಉಪಚಾರ ಬಿಟ್ಟು ಒಳನುಗ್ಗಿದರು. ನಾನು ಹೊರಗೆ ಕಾಲು ಹೆಣೆದುಕೊಂಡು, ಹೆಣ್ಣಿನ ತಂದೆಯ ಕಷ್ಟವೆಂದರೆ ಏನೆಂಬುದನ್ನು ಪೂರ್ತಿಯಾಗಿ ತಿಳಿದುಕೊಂಡೆ.

ಬೆಳಗಿನ ಬಸ್ಸಿಗೆ ಬೀಗರು ತಮ್ಮ ಊರಿಗೆ ಹೋದರು, ನಾವು ವಿಜಯಪುರಕ್ಕೆ ಹೋದೆವು. ಡಾಕ್ಟರು ಪರದೆ ನೋಡಿ ಹಣೆ ಗಂಟಿಕ್ಕಿದರು. "ಒಳಗೇನೂ ಸರಿಯಾಗಿ ಕಾಣವಲ್ದು. ಔಷಧ ಪೂರಾ ಕುಡದಿಲ್ಲ ನೀವು. ಉಳದದ್ದು ಎಲ್ಲಿ ಹೋತು?"

"ಆಲಮೇಲಕ್ಕ ಹೋತ್ರಿ" ಎಂದೆ.

ಮತ್ತೆ ಬನ್ನಿ ಎಂದರು. ಹೀಗೆ ಸೌಜನ್ಯದ ದೆಸೆಯಿಂದ ಇನ್ನೂ ಒಂದು ವಾರ ಮನಸ್ಸಿನಲ್ಲೇ ಸಾಯುವ ಅವಕಾಶ ಸಿಕ್ಕಿತು. ಈ ಸಲ ಹೆಂಡತಿ ಮನೆಗೆ ಹೊರಗಿನಿಂದ ಕೀಲಿ ಹಾಕಿ, ಕಟ್ಟೆಯ ಮೇಲೆ ಕುಳಿತು, ಬಂದವರಿಗೆಲ್ಲ "ಅವರು ಊರಾಗಿಲ್ರಿ" ಎಂದಳು. ಊರಲ್ಲಿಲ್ಲದ ನಾನು ಒಳಗೆ ಕುಳಿತು ಜಗ್ಗು ಖಾಲಿ ಮಾಡಿದೆ.

ಮೂಲವ್ಯಾಧಿ ಬಿಟ್ಟರೆ ಬೇರೇನೂ ಇಲ್ಲ ಎಂದರು ಡಾಕ್ಟರು. ಬಸ್ಸಿನಲ್ಲಿ ಮರಳಿ ಬರುವಾಗ ಮಗಳ ಫೋನು ಬಂತು.

"ಅಪ್ಪಾ, ಹೊಟ್ಟಿ ಹಗುರಾಗೇತಿ ಅಂತ ಮಾವಾರು ಓಣಿ ತುಂಬ ನಿನ್ನ ಹೊಗಳಾಕತ್ತಾರ. ತನ್ನ ಔಷಧದಾಗ ಪಾಲು ಕೊಡೋ ಬೀಗ ಯಾರಿಗೆ ಸಿಗ್ತಾನ ಅಂತಾರ."

ನಾನು ಗಂಟಲು ಸರಿಮಾಡಿಕೊಂಡು, "ಮಂದಿ ಸಲುವಾಗಿ ಅಷ್ಟರ ಮಾಡ್ಬೇಕಲ್ಲವ್ವಾ" ಎಂದೆ.

ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಫೋನು ಕಸಿದುಕೊಂಡು ಬಂದ್ ಮಾಡಿದಳು.