ಚಂದ್ರಲೋಕಕ್ಕೆ ಹೋಗುವವರು ಬಂಗಾರಪೇಟೆಯಲ್ಲಿ ಇಳಿಯಬೇಕು

ನಮ್ಮ ಸೋದರಮಾವನಂಥ ಪುಕ್ಕಲರು ಹದಿನಾಲ್ಕು ಲೋಕಗಳಲ್ಲಿ ಹುಡುಕಿದರೂ ಸಿಗಲಾರರು. ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತೀಯಾ ಎಂದು ಕೇಳಬೇಡಿ. ಆ ಲೋಕಗಳಲ್ಲಿ ಅರ್ಧಕ್ಕರ್ಧ ಹುಟ್ಟಿಸಿದವರೇ ಅವರು! ಬ್ರಹ್ಮ ಮಾಡಿದ್ದು ಸಾಲದೆಂದು ಮಾವ ತಾವೂ ಆಗಾಗ ಒಂದು ಹೊಸ ಲೋಕ ಸೃಷ್ಟಿಸಿ, ಬೆಂಗಳೂರಿನ ಒಂದು ವಾರಪತ್ರಿಕೆಗೆ ಧಾರಾವಾಹಿಯಾಗಿ ಕಳಿಸುತ್ತಿದ್ದರು.

ಆಗಿನ್ನೂ ಚಂದ್ರನ ಮೇಲೆ ಯಾರೂ ಕಾಲಿಟ್ಟಿರಲಿಲ್ಲ. ಮಾವ ಮಾತ್ರ ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕೂತು ಜನರನ್ನು ಗುಂಪುಗುಂಪಾಗಿ ಅಲ್ಲಿಗೆ ಸಾಗಿಸುತ್ತಿದ್ದರು. ಅದೇ ಮಾವ ತಮ್ಮ ಮನೆಯ ತಾರಸಿ ಹತ್ತುತ್ತಿರಲಿಲ್ಲ. ಎತ್ತರ ಎಂದರೆ ಅವರ ಕಾಲು ನಡುಗುತ್ತಿತ್ತು. ಒಮ್ಮೆ ಅತ್ತೆ ತಾರಸಿಯ ಮೇಲೆ ಕೆಂಪು ಮೆಣಸಿನಕಾಯಿ ಒಣಗಲು ಹಾಕಿದ್ದರು. ಎಲ್ಲಿಂದಲೋ ಒಂದು ಕೋತಿ ಬಂತು.

"ಏನ್ರೀ, ಮೇಲೆ ಕೋತಿ ಬಂದೈತೆ, ಓಗಿ ಓಡಿಸ್ರೀ!" ಎಂದು ಅತ್ತೆ ಒಳಗಿನಿಂದ ಕೂಗಿದರು.

ಮಾವ ಕೊಡೆ ಹಿಡಿದು ಅಂಗಳಕ್ಕೆ ಬಂದರು. ಅಲ್ಲಿಂದಲೇ ತಲೆಯೆತ್ತಿ, "ಓಗ್ಲಾ! ಓಗ್ತೀಯೋ ಇಲ್ವೋ! ಮೇಲ್ ಬಂದ್ರೆ ಸುಮ್ನಿರಲ್ಲ ನೋಡು!" ಎಂದು ಗುಡುಗಿದರು. ಮೇಲೆ ಬರುವ ಆಸಾಮಿ ಇದಲ್ಲ ಎಂದು ಕೋತಿಗೆ ಹೇಗೆ ಗೊತ್ತಾಯಿತೋ! ಒಂದು ಮೆಣಸಿನಕಾಯಿ ಕಚ್ಚಿ ನೋಡಿ, ಖಾರ ತಡೆಯದೆ ಮಾವನ ಮೇಲೇ ಎಸೆಯಿತು.

"ಚಂದ್ರನ ಗಂಟ ಓಗಿಬತ್ತಾರಂತೆ, ನಾಕು ಮೆಟ್ಲು ಅತ್ತಾಕಾಗಲ್ಲ!" ಎಂದರು ಅತ್ತೆ.

"ಚಂದ್ರಂಗೆ ಓಗೋದು ಮುನಿವೆಂಕಟ ಕಣೇ, ನಾನಲ್ಲ," ಎಂದು ಮಾವ ಗಂಭೀರವಾಗಿ ಕೊಡೆ ಮಡಚಿದರು.

ಈ ಮುನಿವೆಂಕಟ ಮಾವನ ಕಥಾನಾಯಕ. ಬೇರೆ ಯಾರಾದರೂ ಆಗಿದ್ದರೆ ಗಗನಯಾತ್ರಿಗೆ ಕೇಳಿದೊಡನೆ ರೋಮಾಂಚನವಾಗುವಂಥ ಹೆಸರಿಡುತ್ತಿದ್ದರು. ನಮ್ಮವರು ಬೇತಮಂಗಲದ ಬಸ್ಸಿನಲ್ಲಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುವಂಥ ಹೆಸರಿಟ್ಟರು. ಅವನು ಬುತ್ತಿಯಲ್ಲಿ ಮುದ್ದೆ ಕಟ್ಟಿಕೊಂಡು ಗ್ರಹಗಳಿಗೆ ಹೋಗುತ್ತಿದ್ದ. ಯಾವ ಗ್ರಹಕ್ಕೆ ಹೋಗುವುದಿದ್ದರೂ ಬಂಗಾರಪೇಟೆಯಲ್ಲಿ ಇಳಿದು ಗಗನನೌಕೆ ಬದಲಿಸಬೇಕಾಗಿತ್ತು. ಇದೇಕೆ ಹೀಗೆ ಎಂದು ಪತ್ರಿಕೆಯ ಸಂಪಾದಕರು ಕೇಳಿದರೆ ಮಾವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಜಂಕ್ಷನ್ ಇರುವುದು ಬಂಗಾರಪೇಟೆಯಲ್ಲಿ. ಬೇರೆ ಎಲ್ಲಿ ಬದಲಿಸುತ್ತಾರೆ?

ಇನ್ನು ಮಂಗಳಲೋಕದ ಜನರಂತೂ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು, ಅರ್ಜಿ ಬರೆಯುವಾಗ ಕನ್ನಡ ಬಳಸುತ್ತಿದ್ದರು. ನಮ್ಮ ಕಡೆಯ ಗಣಿಗಳಂತೆ ಅಲ್ಲೂ ಸೈರನ್ ಕೂಗುತ್ತಿತ್ತು, ಅಲ್ಲೂ ಮೂರು ಪಾಳಿ, ಅಲ್ಲೂ ಗೇಟಿನಲ್ಲಿ ಜೇಬು ತಡವಿ ನೋಡಿ ಹೊರಗೆ ಬಿಡುತ್ತಿದ್ದರು. ದೂರದ ಊರುಗಳ ಓದುಗರು ಆಹಾ, ಎಂಥ ವಿಚಿತ್ರ ಲೋಕ, ಎಂಥ ಕಲ್ಪನಾಶಕ್ತಿ ಎಂದು ಬೆರಗಾಗುತ್ತಿದ್ದರಂತೆ. ನಮ್ಮ ಕಡೆಯ ಓದುಗರಿಗೆ ಅದರಲ್ಲಿ ಬೆರಗೇನೂ ಕಾಣುತ್ತಿರಲಿಲ್ಲ. ಅವರು ಓದುತ್ತಿದ್ದದ್ದು ಪಕ್ಕದ ಬೀದಿಯ ಸುದ್ದಿ ಓದುವ ಹಾಗೆ.

ಇಷ್ಟೆಲ್ಲ ಬರೆಯುತ್ತಿದ್ದ ಮಾವನ ಕೆಲಸ ಏನು ಗೊತ್ತೇ? ಉರಿಗಾಂನ ಚಿನ್ನದ ಗಣಿಯ ಲ್ಯಾಂಪ್ ರೂಮಿನಲ್ಲಿ. ಕೆಳಗಿಳಿಯುವ ಪ್ರತಿಯೊಬ್ಬನೂ ತನ್ನ ಹಿತ್ತಾಳೆ ಬಿಲ್ಲೆಯನ್ನು ಇವರ ಕೈಗೆ ಕೊಟ್ಟು ದೀಪ ಪಡೆಯಬೇಕು. ಇವರು ಬಿಲ್ಲೆಯನ್ನು ಮೊಳೆಗೆ ತೂಗುಹಾಕುವರು. ಮೇಲೆ ಬಂದವನು ದೀಪ ಒಪ್ಪಿಸಿ ಬಿಲ್ಲೆ ವಾಪಸ್ ತೆಗೆದುಕೊಳ್ಳುವನು. ಮೊಳೆಯಲ್ಲಿ ಬಿಲ್ಲೆ ಉಳಿದಿದೆ ಎಂದರೆ ಆಳು ಇನ್ನೂ ಕೆಳಗಿದ್ದಾನೆ ಎಂದರ್ಥ. ಗಣಿಯ ಬಾಯಲ್ಲೇ ಇಡೀ ಆಯುಷ್ಯ ಕಳೆದರೂ ಮಾವ ಒಂದು ದಿನವೂ ಕೆಳಗೆ ಇಳಿದವರಲ್ಲ. "ಎನ್ನಾ ಸಾಮಿ, ಒಂದ್ ಸಲ ಬನ್ನಿ, ತೋರಿಸ್ಕೊಂಡ್ ಬತ್ತೀನಿ," ಎಂದು ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆನಿಕೆ ಕೊಡುವ ಕೆಲಸದ ದೊರೆಸಾಮಿ ಎಷ್ಟು ಕರೆದರೂ, "ಎಲ್ಲಾರೂ ಇಳಿದ್ರೆ ದೀಪ ಇಸ್ಕೊಳ್ಳೋರು ಯಾರಪ್ಪಾ?" ಎನ್ನುತ್ತಿದ್ದರು. ಪುಕ್ಕಲುತನಕ್ಕೆ ಎಂಥ ಘನವಾದ ಕಾರಣ ನೋಡಿ!

ತಮ್ಮ ಪಾಳಿ ಮುಗಿದರೂ ಮಾವ ಮನೆಗೆ ಬರುತ್ತಿರಲಿಲ್ಲ. ತಾವು ದೀಪ ಕೊಟ್ಟವರೆಲ್ಲ ಮೇಲೆ ಬಂದು, ಮೊಳೆಗಳೆಲ್ಲ ಖಾಲಿಯಾದ ಮೇಲೇ ಅಂಗಿ ಬದಲಿಸುವುದು. ಒಬ್ಬ ಕೆಳಗೆ ಉಳಿದನೆಂದರೆ ಮೇಲೆ ಬಂದವರೂ ಬುತ್ತಿ ಬಿಚ್ಚದೆ ಅಲ್ಲೇ ನಿಂತಿರುತ್ತಿದ್ದರಂತೆ. ಇತ್ತ ಬಂಗಾರಪೇಟೆಯಲ್ಲಿ ಅತ್ತೆಯ ಮುದ್ದೆ ಆರಿ ಕಲ್ಲಾಗುತ್ತಿತ್ತು. "ಒಬ್ಬ ಮೇಲೆ ಬರೋದು ತಡ ಆಯ್ತು ಕಣೇ," ಎನ್ನುತ್ತ ಮಾವ ಒಳಗೆ ಬಂದರೆ, "ಬಂದ್ನಲ್ಲ, ಸದ್ಯ. ಅವನ ಎಂಡ್ರೂ ನನ್ನಂಗೇ ಕಾಯ್ತಿದ್ಳೇನೋ," ಎಂದು ಅತ್ತೆ ಮತ್ತೆ ಒಲೆ ಹಚ್ಚುತ್ತಿದ್ದರು.

ಅತ್ತೆ ಮಾವನ ಕಥೆಗಳನ್ನು ಓದುತ್ತಿರಲಿಲ್ಲ. ಓದು ಬರುತ್ತಿರಲಿಲ್ಲವೇ? ಚೆನ್ನಾಗಿ ಬರುತ್ತಿತ್ತು! "ಕತೆ ಬರೆಯೋರನ್ನ ದಿನಾ ನೋಡೋದೇ ಸಾಕಾಗೈತೆ, ಕತೆ ಬೇರೆ ಓದ್ಬೇಕಾ?" ಎಂಬುದು ಅವರ ವಾದ. ಮಾವ ಇದಕ್ಕೆ ನಗುತ್ತಿದ್ದರು, ಆದರೆ ಒಳಗೊಳಗೇ ಸ್ವಲ್ಪ ನೋಯುತ್ತಿದ್ದರು ಎಂದು ನನಗನಿಸುತ್ತಿತ್ತು.

ಅತ್ತೆ ಓದದಿದ್ದರೇನು, ರೈಲು ತುಂಬ ಓದುಗರಿದ್ದರು. ಪತ್ರಿಕೆ ಬಂದ ದಿನ ಗಣಿಗೆ ಹೋಗುವ ಬೆಳಗಿನ ಗಾಡಿಯಲ್ಲಿ ಉರಿಗಾಂನಲ್ಲಿ ಕಟಿಂಗ್ ಶಾಪ್ ಇಟ್ಟಿದ್ದ ನಾರಾಯಣಪ್ಪ ಗಟ್ಟಿಯಾಗಿ ಓದುವನು, ಡಬ್ಬಿಯೆಲ್ಲ ಕಿವಿಯಾಗಿ ಕೇಳುವುದು. ಕನ್ನಡ ಓದಲು ಬಾರದ ದೊರೆಸಾಮಿ ಅವನ ಪಕ್ಕದ ಜಾಗ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮೂಲೆಯಲ್ಲಿ ಕೂತ ಮಾವ ಕಿಟಕಿಯಾಚೆ ನೋಡುತ್ತ, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಟಿಸುತ್ತಿದ್ದರು. ಆದರೆ ಯಾರಾದರೂ ನಕ್ಕರೆ ಅವರ ಕಿವಿ ಕೆಂಪಾಗುತ್ತಿತ್ತು.

ಒಮ್ಮೆ ಸಂಪಾದಕರು ತಕರಾರು ತೆಗೆದರು. ನಿಮ್ಮ ಕಥೆಗಳಲ್ಲಿ ಯಾರೂ ಸಾಯುವುದಿಲ್ಲ, ಹೋದವರೆಲ್ಲ ಸುಖವಾಗಿ ವಾಪಸ್ ಬರುತ್ತಾರೆ, ಓದುಗರು ಅಳುವುದು ಯಾವಾಗ ಎಂದರು. ಮಾವ ಎರಡು ದಿನ ಊಟ ಬಿಟ್ಟು ಯೋಚಿಸಿ, ಗಗನನೌಕೆಯ ಅಡುಗೆಯವನೊಬ್ಬನನ್ನು ಶನಿಗ್ರಹದಲ್ಲಿ ಬಿಟ್ಟುಬಂದರು. ಅವನು ಸೌದೆ ತರಲು ಹೋಗಿದ್ದಾಗ ನೌಕೆ ಹೊರಟೇಬಿಟ್ಟಿತು!

ಆ ಕಂತು ಬಂದ ದಿನ ಗಾಡಿಯಲ್ಲಿ ಯಾರೂ ಮಾವನಿಗೆ ಜಾಗ ಕೊಡಲಿಲ್ಲ. ದೊರೆಸಾಮಿ ಮಾತಾಡಿಸದೆ ದೀಪ ತೆಗೆದುಕೊಂಡು ಹೋದ. ಸಂಜೆ ಕ್ಷೌರಕ್ಕೆ ಹೋದರೆ ನಾರಾಯಣಪ್ಪ ಒಂದು ಕೆನ್ನೆ ಕೆರೆದು ಕತ್ತಿ ಕೆಳಗಿಟ್ಟ.

"ಯಾಕಪ್ಪಾ?" ಎಂದರು ಮಾವ.

"ಆ ಅಡುಗೆಯೋನು ವಾಪಸ್ ಬರೋಗಂಟ ಈ ಕಡೆ ಕೆನ್ನೆ ಇಂಗೇ ಇರ್ಲಿ ಸಾಮಿ."

ಅರ್ಧ ಮುಖದ ಗಡ್ಡದೊಂದಿಗೆ ಮಾವ ಮನೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನೂ ಅತ್ತೆಯೂ ನಕ್ಕೂ ನಕ್ಕೂ ಸುಸ್ತಾದೆವು. ಮುಂದಿನ ಕಂತಿನಲ್ಲಿ ಮುನಿವೆಂಕಟ ನಡು ಆಕಾಶದಲ್ಲಿ ನೌಕೆ ನಿಲ್ಲಿಸಿ, ಮೊಳೆಯಲ್ಲಿ ಒಂದು ಬಿಲ್ಲೆ ಉಳಿದಿದೆ ಎಂದು ಕೂಗಿ, ಶನಿಗ್ರಹಕ್ಕೆ ಹಿಂತಿರುಗಿದ. ಅಡುಗೆಯವನು ಸೌದೆ ಸಮೇತ ಹತ್ತಿದ. ಮಾವನ ಇನ್ನೊಂದು ಕೆನ್ನೆಯೂ ನುಣ್ಣಗಾಯಿತು.

ಅರವತ್ತರ ದಶಕ ಅರ್ಧ ಕಳೆದಿತ್ತು. ಮಾವ ಬರೆಯುತ್ತಿದ್ದ ಧಾರಾವಾಹಿಯಲ್ಲಿ ಮುನಿವೆಂಕಟ ಚಂದ್ರನೊಳಗಿನ ಗಣಿಗೆ ಇಳಿದಿದ್ದ. ಮೇಲಿನ ಬಂಡೆ ಕುಸಿದು ದಾರಿ ಮುಚ್ಚಿತು, ಅವನ ದೀಪ ಮಂಕಾಗುತ್ತ ಬಂತು. ಅಲ್ಲಿಗೆ ಆ ವಾರದ ಕಂತು ಮುಗಿಯಿತು. ಅಲ್ಲಿಗೇ ಮಾವನಿಗೆ ಜ್ವರವೂ ಹಿಡಿಯಿತು. ಬರೆಯಲು ಕೈ ಏಳಲಿಲ್ಲ. ನೋಡಲು ಬಂದವರಿಗೆಲ್ಲ, "ಅವನು ಇನ್ನೂ ಕೆಳಗೇ ಅವ್ನೆ ಕಣ್ರಪ್ಪಾ, ನಾನೇ ಇಳಿಸ್ದೋನು, ನಾನೇ ಅತ್ತಿಸ್ಬೇಕು," ಎಂದು ಒಂದೇ ಸಮನೆ ಹಂಬಲಿಸುತ್ತಿದ್ದರು. ಜ್ವರ ಬಿಡಲಿಲ್ಲ. ಮುನಿವೆಂಕಟನನ್ನು ಕೆಳಗೇ ಬಿಟ್ಟು ಮಾವ ಹೋಗಿಬಿಟ್ಟರು.

ತಿಥಿಯ ದಿನ ನೆಂಟರಿಗಿಂತ ಓದುಗರೇ ಹೆಚ್ಚು. ಉರಿಗಾಂನಿಂದ ಒಂದು ಡಬ್ಬಿ ಜನ ಬಂದರು, ಬೇತಮಂಗಲದಿಂದ ಬಸ್ಸಿನಲ್ಲಿ ಬಂದರು. ಚಪ್ಪರದ ಕೆಳಗೆ ಕೂತು ಶನಿಗ್ರಹದ ಅಡುಗೆಯವನನ್ನೂ ಅರ್ಧ ಗಡ್ಡವನ್ನೂ ನೆನೆದು ಬಾಯ್ತುಂಬ ನಕ್ಕರು. ಪೂಜೆ ಮುಗಿದು, ಮಾವನಿಗೆ ಎಡೆ ಇಟ್ಟದ್ದಾಯಿತು. "ಎಲೆ ಆಕೈತೆ, ಏಳ್ರಪ್ಪಾ," ಎಂದು ಅತ್ತೆ ಕರೆದರು. ಒಬ್ಬರೂ ಏಳಲಿಲ್ಲ.

"ಅಕ್ಕಾ, ಕೋಪ ಮಾಡ್ಕೋಬ್ಯಾಡ," ಎಂದ ದೊರೆಸಾಮಿ. "ಆಳು ಕೆಳಗೆ ಅವ್ನೆ. ನಾವ್ ಎಂಗೆ ಉಣ್ಣೋದು?"

ಗಣಿಯಲ್ಲಿ ಏನೋ ಆಗಿದೆ ಎಂದುಕೊಂಡೆ. "ಯಾರು?" ಎಂದೆ.

"ಇನ್ಯಾರಮ್ಮಾ, ಮುನಿವೆಂಕಟ!"

ಇದೇನು ಹುಡುಗಾಟ ಎಂದು ನೆಂಟರಲ್ಲೊಬ್ಬರು ಗೊಣಗಿದರು. ಅವರ ಮಾತು ಯಾರಿಗೆ ಬೇಕಿತ್ತು? ದೊರೆಸಾಮಿ ಆಗಲೇ ಚಂದ್ರನೊಳಗೆ ಇಳಿದಿದ್ದ. ಕುಸಿದ ಬಂಡೆಗೆ ಮೊದಲು ಮರದ ಆನಿಕೆ ಕೊಡಬೇಕು ಎಂದ.

"ಚಂದ್ರನ ಮೇಲೆ ಮರ ಎಲ್ಲೈತೆ?" ಎಂದ ನಾರಾಯಣಪ್ಪ.

"ಬಂಗಾರಪೇಟೇಲಿ ನೌಕೆ ಬದಲಾಯ್ಸೋವಾಗ ಏರಿಸ್ಕೊಂಡ್ರಾಯ್ತು."

ಎಲ್ಲರೂ ಒಪ್ಪಿದರು. ಮರ ಬಂತು, ಬಂಡೆ ಸರಿಯಿತು. ಇನ್ನು ಏಣಿ ಇಳಿಬಿಡೋಣ, ಹತ್ತಿಕೊಂಡು ಬರಲಿ ಎಂದು ಯಾರೋ ಅಂದರು.

"ಏಣಿ ಬ್ಯಾಡ," ಎಂಬ ದನಿ ಕೇಳಿಸಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಅವನ ಎಡಗಾಲು ಉಳುಕೈತೆ. ಗುಹೇಲಿ ಜಾರಿ ಬಿದ್ದಿಲ್ವಾ? ಎಂಗ್ ಅತ್ತಾನು? ಅಗ್ಗ ಬಿಟ್ಟು ಮೆಲ್ಲುಕೆ ಎಳ್ಕಳಿ."

ಚಪ್ಪರವೆಲ್ಲ ಅವರತ್ತ ತಿರುಗಿತು. ಮುನಿವೆಂಕಟ ಜಾರಿ ಬಿದ್ದದ್ದು ಹಿಂದೆಂದೋ ಬಂದ ಕಂತಿನಲ್ಲಿ, ಒಂದೇ ಒಂದು ಸಾಲಿನಲ್ಲಿ. ನಾರಾಯಣಪ್ಪನೇ ಮರೆತಿದ್ದ.

"ಅತ್ತೆ, ನೀವು ಓದ್ತಿದ್ರಾ?" ಎಂದೆ.

"ಅವರು ಕೆಲಸಕ್ಕೆ ಒಂಟ್ಮೇಲೆ ಮನೇಲಿ ನಂಗಿನ್ನೇನಿತ್ತೇ?" ಎಂದರು ಅತ್ತೆ. "ಒಂದೂ ಬಿಟ್ಟಿಲ್ಲ. ಅವರು ಕೇಳ್ಲಿಲ್ಲ, ನಾನು ಯೇಳ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. ಇಷ್ಟು ಸಣ್ಣ ಮಾತು ಮಾವನ ಕಿವಿಗೆ ಬೀಳದೇ ಹೋಯಿತಲ್ಲ!

ದೊರೆಸಾಮಿ ಎದ್ದು ನಿಂತು ಇಲ್ಲದ ಹಗ್ಗ ಹಿಡಿದು ಎಳೆಯತೊಡಗಿದ. ಪಕ್ಕದವನು ಕೈಜೋಡಿಸಿದ, ಅವನ ಪಕ್ಕದವನೂ ಎದ್ದ. ಗೊಣಗಿದ ನೆಂಟರೂ ಎದ್ದರೆನ್ನಿ! "ಐಲಸಾ" ಎಂದು ಚಪ್ಪರವೆಲ್ಲ ಎಳೆಯಿತು.

"ತಲೆ ಕಾಣಿಸ್ತು!" ಎಂದು ನಾರಾಯಣಪ್ಪ ಕೂಗಿದ. "ಬಂದ! ಮೇಲಕ್ ಬಂದ!"

ದೊರೆಸಾಮಿ ಕೈ ಬಿಟ್ಟು, ಮಾವನ ಫೋಟೋದ ಮುಂದೆ ಹೋಗಿ ನಿಂತ. "ಸಾಮಿ, ದೀಪ ಇಸ್ಕೊಳ್ಳಿ. ಎಲ್ಲಾರೂ ಮೇಲೆ ಬಂದ್ರು," ಎಂದ.

ಒಬ್ಬೊಬ್ಬರೇ ಕೈತೊಳೆದು ಪಂಕ್ತಿಯಲ್ಲಿ ಕೂತರು. ಬಡಿಸಲು ಪಾತ್ರೆ ಎತ್ತಿಕೊಂಡಿದ್ದ ನನ್ನನ್ನು ಅತ್ತೆ ತಡೆದರು.

"ಇನ್ನೊಂದ್ ಎಲೆ ಆಕು ಅಮ್ಮಣ್ಣಿ. ಕೆಳಗಿಂದ ಬಂದೋನು, ಅಸ್ಕೊಂಡಿರ್ತಾನೆ."

ಮಾವನ ಎಡೆಯ ಪಕ್ಕದಲ್ಲೇ ಹಾಕಿದೆ.