ಒಗ್ಗರಣೆಗೆ ಮೊದಲು ಒಂದು ಕಥೆ

ನಮ್ಮ ಮನೆಯಲ್ಲಿ ಅಡುಗೆ ಸೀಯುವುದು ಅಪರೂಪ. ಅಡುಗೆಯ ಬಗ್ಗೆ ನಾನು ಬರೆದದ್ದು ಮಾತ್ರ ತಿಂಗಳಿಗೊಮ್ಮೆಯಾದರೂ ಯಾರದೋ ಮನೆಯಲ್ಲಿ ಸೀಯುತ್ತದೆ.

ನಾಲ್ಕೇ ಸಾಲು

ನಾನು ಚಿತ್ತಾಪುರದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ಇಂಟರ್‌ನೆಟ್ಟಿನಲ್ಲಿ ಅಡುಗೆಯ ಪುಟ ಶುರು ಮಾಡಿದಾಗ ಹುಳಿಸೊಪ್ಪಿನ ಪುಂಡಿಪಲ್ಯವನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೆ. ಓದಿದವರು ಇಬ್ಬರು. ಅದರಲ್ಲಿ ಒಬ್ಬಳು ನಾನೇ.

ಪುಟ ಮಾಡಿಕೊಟ್ಟ ಮಗಳು ಅಂದಳು: "ಮಮ್ಮಿ, ಅಳತಿ ಯಾರ್ ಬೇಕಾದ್ರೂ ಕದೀತಾರ. ನಿನ್ನ ಕಥಿ ಕದಿಲಿಕ್ಕೆ ಬರಂಗಿಲ್ಲ. ಕಥಿ ಇದ್ರ ಮಂದಿ ಜರಾ ಹೊತ್ತು ನಿಂದಿರ್ತಾರ, ನಡುವ ಜಾಹೀರಾತೂ ಕಾಣ್ತಾವ."

ಏನೇ ಆಗಲಿ, ಇನ್ನು ಕಥೆಯಿಲ್ಲದೆ ಒಗ್ಗರಣೆಯಿಲ್ಲ ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ. ಮೊದಲು ಅತ್ತೆಯ ಹತ್ತಿರ ಹೋದೆ.

"ಅತ್ತಿ, ಪುಂಡಿಪಲ್ಯ ಅಂದ್ರ ನಿಮಗ ಏನು ನೆನಪಾಗ್ತದ್ರಿ?"

ಅತ್ತೆ ಓದುತ್ತಿದ್ದ ಪೇಪರು ಮಡಚಿದರು. "ನೀ ಉಪ್ಪು ಹಾಕೋದು ಮರ್ತದ್ದು."

ಸೇಡಂನ ಬಾಣಲೆ

ಹುಳಿಬ್ಯಾಳಿಗೆ, ಅಂದರೆ ಹುಳಿ ಹಾಕಿದ ತೊಗರಿಬೇಳೆಗೆ, ನನ್ನ ಮದುವೆಯ ಕಥೆಯನ್ನೇ ಹಾಕಿದೆ. ನೋಡಲು ಬಂದಲ್ಲಿಂದ ತಲೆಯ ಮೇಲೆ ಅಕ್ಕಿಕಾಳು ಬೀಳುವವರೆಗೆ ಒಂದನ್ನೂ ಬಿಡಲಿಲ್ಲ. ಮರುದಿನ ಸೇಡಂನಿಂದ ನಾದಿನಿಯ ಫೋನ್ ಬಂತು.

"ವೈನಿ, ಬಾಣಲಿ ಒಲಿ ಮ್ಯಾಲ ಇಟ್ಟು ಓದ್ಲಿಕತ್ತೀನಿ. ಎಣ್ಣಿ ಕಾದು ಮನಿತುಂಬ ಹೊಗಿ ಆಗ್ಯಾದ, ನೀವಿನ್ನಾ ಸೀರಿ ಆರಿಸ್ಲಿಕತ್ತೀರಿ! ಲಗ್ನ ಆಮ್ಯಾಲ ಮಾಡ್ಕೋರಿ, ಸಾಸಿವಿ ಯಾವಾಗ ಹಾಕ್ಲಿ ಹೇಳ್ರಿ!"

ವಾಡಿ ಸ್ಟೇಷನ್ನಿನ ಅಭಿಮಾನಿ

"ಇನ್ನ ಸಾಕು ಬಿಡು" ಎಂದರು ಮನೆಯವರು. ನಾನು ಬಿಡಲಿಲ್ಲ. ಹಟಕ್ಕೆ ಬಿದ್ದು ಜೋಳದ ರೊಟ್ಟಿಗೆ ನನ್ನ ತಾಯಿಯ ಕಷ್ಟದ ದಿನಗಳನ್ನು ಬರೆದೆ. ಆಮೇಲೊಂದು ದಿನ ವಾಡಿ ಸ್ಟೇಷನ್ನಿನಲ್ಲಿ ಅಪರಿಚಿತ ಹೆಣ್ಣುಮಗಳೊಬ್ಬಳು ಪುಟದ ಫೋಟೊದಿಂದ ಗುರುತು ಹಿಡಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ರೊಟ್ಟಿ ಕಥಿ ಬರದವ್ರು ನೀವೇ ಅಲ್ಲೇನ್ರಿ? ಓದಿ ಭಾಳ ಅತ್ತೀನ್ರಿ!"

ನಾನೂ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. "ಆಮ್ಯಾಲ ರೊಟ್ಟಿ ಮಾಡಿದ್ರೇನ್ರಿ?"

"ಅಷ್ಟು ಅತ್ತ ಮ್ಯಾಲ ಎಲ್ಲಿ ಬಡೀಲಿಕ್ಕಾಗ್ತದ್ರಿ? ಖಾನಾವಳಿಯಿಂದ ತರಿಸಿದ್ವಿ."

ಚಿಂಚೋಳಿಯಿಂದ ಬಂದವರು

ಮೊಣಕಾಲು ನೋವಿನಿಂದ ಅತ್ತೆ ಅಡುಗೆಮನೆಯ ಕಡೆ ಹೋಗುವುದನ್ನೇ ಬಿಟ್ಟಿದ್ದರು. ನನಗೆ ನಿಜವಾಗಿಯೂ ಬೇಸರವಾಗಿತ್ತು. ಎಣ್ಣೆಗಾಯಿಯ ಕಥೆಯಲ್ಲಿ, "ಅತ್ತೆಯ ಕೈಯ ಆ ರುಚಿ ಇನ್ನು ನಮಗೆ ಸಿಗುವುದಿಲ್ಲ" ಎಂದು ಬರೆದೆ.

ಮೂರನೆಯ ದಿನ ಚಿಂಚೋಳಿಯ ನೆಂಟರು ಒಂದು ಜೀಪು ತುಂಬ ಬಂದಿಳಿದರು. ಮುಂದಿದ್ದ ಹಿರಿಯರ ಕೈಯಲ್ಲಿ ಹೂವಿನ ಹಾರ. ಅದೇ ಹೊತ್ತಿಗೆ ನಾನು ಶಾಲೆಯಿಂದ ಬಂದು ಗೇಟಿನ ಹತ್ತಿರ ನಿಂತಿದ್ದೆ. ಬಾಗಿಲು ತೆರೆದವರು ಅತ್ತೆ.

"ಬರ್ರಿ, ಕುಂದ್ರಿ. ಮಾರಿ ಯಾಕ ಹಿಂಗ ಸಣ್ಣ ಮಾಡೀರಿ? ಯಾರು ಹೋದ್ರು?"

ಹಿರಿಯರು ಹಾರವನ್ನು ಬೆನ್ನ ಹಿಂದೆ ಸರಿಸಿದರು. "ನೀವೇರಿ."

ನಾನು ಗೇಟಿನ ಹಿಂದಕ್ಕೆ ಸರಿದೆ. ಇವತ್ತಿಗೆ ನನ್ನ ಪುಟದ ಕಥೆ ಮುಗಿಯಿತು ಅಂದುಕೊಂಡೆ. ಅತ್ತೆ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ಕುರ್ಚಿ ಎಳೆದು ನಟ್ಟನಡುವೆ ಕೂತು ತಲೆಯ ಮೇಲೆ ಸೆರಗು ಹೊದ್ದುಕೊಂಡರು.

"ಇಷ್ಟು ದೂರದಿಂದ ಬಂದೀರಿ, ಹಂಗೇ ಹೋಗಬ್ಯಾಡ್ರಿ. ಒಬ್ಬೊಬ್ರೇ ಅಳ್ರಿ. ಯಾರು ಖರೇ ಅಳ್ತಾರ ಅಂತ ನಾನೂ ನೋಡ್ತೀನಿ."