ಊಟ ಆದ ಮ್ಯಾಲೆ

ಮನಷ್ಯಾಗ ನಾಲಿಗಿ ಒಂದು ಇರದಿದ್ರ ನಮ್ಮ ಡಾಕ್ಟರ್ರು ಎಂದೋ ದವಾಖಾನಿ ಮುಚ್ಚಿ ಹೊಲಾ ಮಾಡ್ಕೋತ ಇರ್ತಿದ್ರು. ಬೆಳಗಾವ್ಯಾಗ, ಶಹಾಪುರದ ಒಂದು ದವಾಖಾನಿಯೊಳಗ ನಾ ಕಂಪೌಂಡರ್ ಆಗಿದ್ದೆ. ಎಪ್ಪತ್ತರ ದಶಕ, ಎಂಬತ್ತರ ದಶಕ ಎರಡೂ ಅಲ್ಲೇ ಕಳದ್ವು. ಔಷಧ ಕಲಸೂದು, ಪುಡಿಕಿ ಕಟ್ಟೂದು, ಪಥ್ಯದ ಚೀಟಿ ಬರಿಯೂದು ನನ್ನ ಕೆಲಸ. ಮಂದಿ ಎಂಥಾ ಕಹಿ ಔಷಧ ಕೊಟ್ಟರೂ ಕಣ್ಣು ಮುಚ್ಚಿ ಕುಡೀತಿದ್ರು. ಪಥ್ಯ ಅಂದ್ರ ಮುಗೀತು, ಏನರೆ ಒಂದು ಎಡವಟ್ಟು ಆಗೂದ.

ಬ್ಯಾರೇದವರ ಎಡವಟ್ಟು ಹೇಳಿ ನಗೂದು ಸರಳ. ನಾ ಹೇಳೂದು ನಮ್ಮ ಮನೀದು. ನಮ್ಮ ಅಕ್ಕನ ಗಂಡ, ನಮ್ಮ ಮಾವಂದು. ಇದರಾಗ ನನ್ನ ಪಾಲೂ ಐತಿ.

ಚೀಟಿ

ಖಾನಾಪುರದಾಗ ಮಾವಂದು ಹಂಚಿನ ಭಟ್ಟಿ ಇತ್ತು. ಗಟ್ಟಿ ಆಳು, ಬಾಯಿ ತುಂಬ ಮಾತು, ಹೊಟ್ಟಿ ತುಂಬ ಊಟ. ಕುಂತ್ರ ನಾಕು ರೊಟ್ಟಿ ಆಗಬೇಕು. ಬಾಜುಕ ಶೇಂಗಾ ಹಿಂಡಿ, ಅಂದ್ರ ಚಟ್ನಿ ಪುಡಿ, ಅದರ ನಡುವ ಬೆರಳಿಲೆ ಕುಣಿ ಮಾಡಿ ಎಣ್ಣಿ. ಒಂದಿನ ಭಟ್ಟಿ ಮುಂದ ನಿಂತವರು ಎದಿ ಹಿಡಕೊಂಡು ಅಲ್ಲೇ ಕುಂತ್ರು. ಯಾರದೋ ಜೀಪಿನ್ಯಾಗ ಹಾಕ್ಕೊಂಡು ನಮ್ಮ ದವಾಖಾನಿಗೆ ತಂದ್ವಿ.

ಡಾಕ್ಟರ್ರು ನೋಡಿ, ಔಷಧ ನಾ ಕೊಡ್ತೇನಿ, ಆದ್ರ ಅರ್ಧಾ ಕೆಲಸ ಅಡಗಿಮನ್ಯಾಗ ಐತಿ ಅಂದ್ರು. ಬಾಯಿ ಕಟ್ಟದಿದ್ರ ಎರಡನೇ ಸಲ ನನ್ನ ಕೈಲೆ ಆಗೂದಿಲ್ಲ ಅಂತನೂ ಅಂದ್ರು. ಅಕ್ಕ ಸೆರಗು ಬಾಯಿಗೆ ಹಿಡಕೊಂಡು ಅಳಾಕ ನಿಂತ್ಲು. ನಾ ಅಕಿಗೆ ಮಾತು ಕೊಟ್ಟೆ. "ಅಕ್ಕಾ, ಮಾವಗ ಏನೂ ಆಗೂದಿಲ್ಲ. ಚೀಟಿ ನಾ ಬರಕೊಡ್ತೇನಿ, ಹಂಗ ನಡಿ."

ಬರದೆ. ಎರಡು ಒಣಾ ರೊಟ್ಟಿ, ಕುದಿಸಿದ ಹೀರಿಕಾಯಿ, ಒಂದು ಹೋಳು ಪಪ್ಪಾಯಿ, ಉಪ್ಪಿಲ್ಲದ ತೆಳ್ಳನ ಮಜ್ಜಿಗಿ. ಅಕ್ಷರ ಮುತ್ತಿನಂಗ ಇದ್ವು.

ಒಂದು ತಿಂಗಳಕ್ಕ ಮಾವ ತಿರುಗಿ ಬಂದ್ರು. ತಕ್ಕಡಿ ಮ್ಯಾಲೆ ನಿಲ್ಲಿಸಿದ್ರ ತೂಕ ಇಳಿಯೂ ಬದ್ಲಿ ಏರಿತ್ತು. ಡಾಕ್ಟರ್ರು ಪಥ್ಯ ಮಾಡಿದ್ರಿಲ್ಲೋ ಅಂತ ಸಿಟ್ಟಿಗೆದ್ರು. ಒಂದಿನಾ ತಪ್ಪಿಸಿಲ್ರಿ ಅಂತ ಅಕ್ಕ ಆಣಿ ಮಾಡಿದ್ಲು. ಮಾವ ಹೇಳಿದ್ರು, "ಖರೇ ಹೇಳ್ತೇನ್ರಿ ಡಾಕ್ಟರ್, ಭಾಳ ತ್ರಾಸ ಆಗ್ತೈತಿ. ನಾಕು ರೊಟ್ಟಿ ಉಂಡ ಮ್ಯಾಲೆ ಮತ್ತ ಎರಡು ಒಣಾ ರೊಟ್ಟಿ ಇಳಿಯಂಗಿಲ್ಲ. ಆದ್ರ ಔಷಧ ಅಂದ ಮ್ಯಾಲೆ ನುಂಗಬೇಕಲ್ಲ."

ಡಾಕ್ಟರ್ರು ಚೀಟಿ ಇಸಗೊಂಡು ಓದಿದ್ರು. ದಿನಾ ಪುಡಿಕಿ ಪುಡಿಕಿ ಮ್ಯಾಲೆ ಬರದು ಬರದು ನನ್ನ ಕೈಗೆ ಚಟಾ ಬಿದ್ದಿತ್ತು. ಚೀಟಿ ತಳಕ್ಕ, ಅಡಿಗೆರಿ ಎಳದು, ಮುತ್ತಿನಂಥಾ ಅಕ್ಷರದಾಗ ನಾನ ಬರದಿದ್ದೆ: ಊಟ ಆದ ಮ್ಯಾಲೆ.

ಅವತ್ತಿನಿಂದ ಡಾಕ್ಟರ್ರು ನಾ ರಜಾ ಚೀಟಿ ಬರದ್ರೂ ಎರಡು ಸಲ ಓದಿ ಸಹಿ ಮಾಡತಿದ್ರು.

ಉಪ್ಪು

ಎರಡನೇ ಚೀಟಿ ಬರದೆ. ಊಟದ ಬದ್ಲಿ ಇದ ಊಟ, ಉಪ್ಪು ಪೂರಾ ಬಂದ್ ಅಂತ ದಪ್ಪ ಅಕ್ಷರ. ಮುಂದಿನ ಐತವಾರ ತಪಾಸಣಿ ಮಾಡಾಕ ನಾನ ಖಾನಾಪುರಕ್ಕ ಹೋದೆ.

ಸಾರು ಸಪ್ಪಗ, ಪಲ್ಯಾ ಸಪ್ಪಗ, ರೊಟ್ಟಿ ಸಪ್ಪಗ. ಅಕ್ಕಗ ಶಾಬ್ಬಾಸ್ ಅಂದೆ. ಅಷ್ಟರಾಗ ಅಕಿ ತಾಟಿನ ಸುತ್ತ ಒಂದೊಂದ ಇಡಕೋತ ಬಂದ್ಲು. ಮಾವಿನ ಉಪ್ಪಿನಕಾಯಿ, ಕೆಂಪು ಹಿಂಡಿ, ಹಪ್ಪಳ, ಸಂಡಿಗಿ, ಮಜ್ಜಿಗಿ ಮೆಣಸಿನಕಾಯಿ. ಇದೇನ ಅಕ್ಕಾ ಅಂದ್ರ ಅಕಿಗೇ ಸಿಟ್ಟು ಬಂತು. "ಅವಕ್ಕ ನಾ ಈಗೆಲ್ಲಿ ಉಪ್ಪು ಹಾಕೇನಿ? ಅವು ಹೋದ ಬ್ಯಾಸಗ್ಯಾಗ ಮಾಡಿದ್ವು. ಅವಾಗ ನಿಮ್ಮ ಡಾಕ್ಟರ್ ಬ್ಯಾಡ ಅಂದಿದ್ದಿಲ್ಲ."

ಮ್ಯಾಲೆ ಕಣ್ಣೆತ್ತಿ ನೋಡಿದ್ರ ಅಡಗಿಮನಿ ಗ್ವಾಡಿ ಮ್ಯಾಲೆ ಅಂಬಲಿ ಹಚ್ಚಿ ಅಂಟಿಸಿದ್ದು ನನ್ನ ಮದಲಿನ ಚೀಟಿ. ಎರಡನೇದು ಎಲ್ಲಿ ಅಂತ ಕೇಳಿದೆ. ಅದು ಖಾರಪುಡಿ ಡಬ್ಬಿ ತಳಕ್ಕ ಹಾಸೇದ ಅಂತ ಗೊತ್ತಾತು. ಎರಡನೇದು ಡಾಕ್ಟರ್ ಸಿಟ್ಟಿಲೆ ಬರಿಸಿದ್ದು, ಮದಲಿನದು ನೀ ಪ್ರೀತಿಲೆ ಬರದಿದ್ದು, ನಾ ಅದನ್ನ ನಡಸಾಂವ ಅಂದ್ರು ಮಾವ.

ಅವತ್ತ ನಾ ಎದ್ದು ಆ ಚೀಟಿ ಹರದು ಒಲ್ಯಾಗ ಹಾಕಬೇಕಿತ್ತು. ಹಾಕಲಿಲ್ಲ. ಅಕ್ಕ ನನಗಂತ ಹೋಳಿಗಿ ಮಾಡಿ, ಮ್ಯಾಲೆ ತುಪ್ಪಾ ಸುರುವಿದ್ಲು. ತವರಮನಿ ತಮ್ಮ ಬಂದಾನಂತ ಮಾಡಿದ್ದನ್ನ ಹೆಂಗ ಒಲ್ಲೆ ಅನ್ನೂದು? ನನಗ ಹೋಳಿಗಿ, ಗಂಡಗ ಹೀರಿಕಾಯಿ ಅಂತ ಒಂದ ಪಂಕ್ತಿಯೊಳಗ ಬಡಸೂದು ಅಕಿಗೂ ಆಗಲಿಲ್ಲ. ಚೀಟಿ ಕೆಳಗ ಕುಂತು ಇಬ್ರೂ ಎರಡೆರಡು ಹೋಳಿಗಿ ಕತ್ತರಿಸಿದ್ವಿ. ತಪಾಸಣಿ ಮುಗೀತು.

ಡಬ್ಬಿ

ತುಪ್ಪಾ ಮಾತ್ರ ಡಾಕ್ಟರ್ರು ಬೈದು ಬೈದು ಬಿಡಿಸಿದ್ರು. ಮಾವನ ಮಾರಿ ಸಣ್ಣಾತು. ಒಣಾ ಹೋಳಿಗಿ ಕೈಯಾಗ ಹಿಡಕೊಂಡು ಹೆಂಡತಿ ಮಾರಿ ನೋಡ್ತಾರ ಅಂತ ಅಕ್ಕ ಬಂದು ನನ್ನ ಮುಂದ ಅತ್ಲು.

ಆಗ ನಾ ಶಾಣ್ಯಾತನ ಮಾಡಿದೆ. ಪ್ಯಾಟ್ಯಾಗ ವನಸ್ಪತಿ ತುಪ್ಪಾ ಸಿಗತಿತ್ತು. ಆಕಳದ್ದಲ್ಲ, ಎಮ್ಮೀದಲ್ಲ, ಗಿಡದ ಎಣ್ಣಿಲೆ ಮಾಡಿದ್ದು, ಎದಿಗೆ ಹಗುರ ಅಂತ ಮಂದಿ ಮಾತಾಡತಿದ್ರು. ದೊಡ್ಡ ಡಬ್ಬಿ ಒಂದು ಹೆಗಲ ಮ್ಯಾಲೆ ಹೊತಗೊಂಡು ರೈಲಿನ್ಯಾಗ ಖಾನಾಪುರಕ್ಕ ಒಯ್ದು ಕೊಟ್ಟೆ. ಮಾವ ಡಬ್ಬಿ ನೋಡಿ ನನ್ನ ಅಪ್ಪಿಕೊಂಡ್ರು. ನಿಮ್ಮ ಡಾಕ್ಟರ್ಗಿಂತ ನೀನ ಭೇಷ್ ಅಂದ್ರು. ಹೋಳಿಗಿ ಮತ್ತ ಮೊದಲಿನಂಗ ತೊಯ್ಯಾಕ ಹತ್ತಿದ್ವು.

ಅದು ತುಪ್ಪಕ್ಕಿಂತ ಕೆಟ್ಟದ್ದು ಅಂತ ಭಾಳ ವರ್ಷಾದ ಮ್ಯಾಲೆ ಕೇಳಿದೆ. ಆಗ ಯಾರಿಗೂ ಗೊತ್ತಿರಲಿಲ್ಲ, ಅದು ಖರೇ. ಆದ್ರೂ ಹೆಗಲ ಮ್ಯಾಲೆ ಹೊತಗೊಂಡು ಹೋಗಿದ್ದು ನಾನ. ಈಗೂ ಕೆಲವೊಮ್ಮೆ ಆ ಹೆಗಲ ಮುಟ್ಟಿ ನೋಡ್ಕೋತೇನಿ.

ಡಾಕ್ಟರ್ರಿಗೆ ಹೆದರಿ ಈ ಸಂಗತಿ ಮುಚ್ಚಿಟ್ಟಿದ್ದೆ. ಅವರ ಹೆಂಡತಿಗೆ ಹೆಂಗೋ ತಿಳೀತು. ಬೈತಾರ ಅಂತ ಕೈ ಕಟ್ಟಿ ನಿಂತೆ. ಅವರು ಸಣ್ಣ ದನಿಲೆ, ನಿಮ್ಮ ಮಾವಗ ಒಗ್ಗೇತಂದ್ರ ನಮ್ಮ ಮನಿಗೂ ಎರಡು ಡಬ್ಬಿ ತಾ, ಡಾಕ್ಟರ್ರ ಎದೀನೂ ಅಷ್ಟಕ್ಕಷ್ಟ ಐತಿ ಅಂದ್ರು.

ಕುಂದಾ

ಮಾವಗ ಎರಡನೇ ಸಲ ಎದಿ ಹಿಡೀತು. ಈ ಸಲ ಬೆಳಗಾವಿಯ ದೊಡ್ಡ ದವಾಖಾನ್ಯಾಗ ಇಟಗೊಂಡ್ರು. ನಾ ರಜಾ ಹಾಕಿ ಬಾಗಲದಾಗ ಕುರ್ಚಿ ಹಾಕ್ಕೊಂಡು ಕುಂತೆ. ಇನ್ನ ಮ್ಯಾಲೆ ಮಾವನ ಬಾಯಿಗೆ ಏನ ಹೋಗಬೇಕಾದ್ರೂ ನನ್ನ ದಾಟಿ ಹೋಗಬೇಕು ಅಂತ ಪಣಾ ತೊಟ್ಟೆ.

ಜಡ್ಡಾದವರನ್ನ ಮಾತಾಡಸಾಕ ನಮ್ಮ ಮಂದಿ ಬರಿಗೈಲೆ ಬರೂದಿಲ್ಲ. ಬೀಡಿ ಊರಿಂದ ಬಂದ ಬೀಗರು ಶೇಂಗಾ ಹೋಳಿಗಿ ತಂದ್ರು. ಗುಂಜಿ ಊರವರು ಚಕ್ಕಲಿ ತಂದ್ರು. ಊರಿಂದ ಏನೂ ತರದವರು ಬಸ್ ಇಳದು ಮಿಠಾಯಿ ಅಂಗಡ್ಯಾಗ ಕುಂದಾ ಕಟ್ಟಿಸಿಕೊಂಡು ಬಂದ್ರು. ಎಲ್ಲಾರದೂ ಒಂದ ಮಾತು, ಬರೇ ಒಂದು ತುತ್ತು, ನಮ್ಮ ಸಮಾಧಾನಕ್ಕ. ಎಲ್ಲಾನೂ ನಾ ಬಾಗಲದಾಗ ಇಸಗೊಂಡೆ. ಮಾವ ಮಲಗಿದಲ್ಲಿಂದ ಆ ತಿಂಡಿ ಡಬ್ಬಿ ನನ್ನ ಕೈಗೆ ಹೋಗೂದನ್ನ ನೋಡ್ತಿದ್ರು.

ಅನ್ನಾ ಒಗೀಬಾರದು. ಮನಿಗೆ ಕಳಸಾಕ ಯಾರೂ ಇಲ್ಲ. ಕುಂತ ಕುರ್ಚಿ ಮ್ಯಾಲೆ ಒಂದೊಂದ ನಾನ ತೀರಿಸಿದೆ. ಎಂಟನೇ ದಿನ ಪಾವಟಿಗಿ ಹತ್ತಿ ಬರೂದರಾಗ ತೇಕು ಹತ್ತಿತು, ಕಣ್ಣಿಗೆ ಕತ್ತಲಿ ಬಂತು. ಅಲ್ಲಿನ ಡಾಕ್ಟರ್ರು ನನ್ನ ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿ, ಇವರನ್ನೂ ಮಲಗಸ್ರಿ ಅಂದ್ರು. ಮಾವನ ಬಾಜೂ ಕಾಟಿನ ಮ್ಯಾಲೆ ನನ್ನ ಹಾಕಿದ್ರು.

ಎಂಟು ದಿನ ನಗದಿದ್ದ ಮಾವ ಅವತ್ತು ನಕ್ರು. "ಬರ್ರಿ ಕಂಪೌಂಡರ್ ಸಾಹೇಬ್ರ. ನಿಮ್ಮ ಚೀಟಿ ಯಾರು ಬರೀತಾರ?"

ನನ್ನ ಬಿ.ಪಿ. ಇಳೀತು. ಮಾವ ಮನಿಗೆ ಹೋದ್ರು. ಮಳಿ ಸುರು ಆಗೂದರಾಗ, ಭಟ್ಟಿ ಮುಚ್ಚೂ ಹೊತ್ತಿಗೆ, ಮಾವ ಲಿಂಗೈಕ್ಯರಾದ್ರು. ಅಕ್ಕಗ ಕೊಟ್ಟ ಮಾತು ನಾ ಉಳಸಲಿಲ್ಲ.

ಎಡಿ

ಒಂದು ವರ್ಷಕ್ಕ ಪುಣ್ಯತಿಥಿ ಬಂತು. ಅಕ್ಕ ಮಾವಗ ಸೇರೂದನ್ನೆಲ್ಲಾ ಮಾಡಿದ್ಲು. ಫೋಟೋದ ಮುಂದ ಬಾಳಿ ಎಲಿ ಹಾಸಿ ಎಡಿ ಹಿಡದ್ಲು. ನಾಕು ರೊಟ್ಟಿ, ಶೇಂಗಾ ಹಿಂಡಿ, ನಡುವ ಕುಣಿ ಮಾಡಿ ಎಣ್ಣಿ, ಉಪ್ಪಿನಕಾಯಿ, ಹೋಳಿಗಿ. ಹೋಳಿಗಿ ಮ್ಯಾಲೆ ಈ ಸಲ ಖರೇ ತುಪ್ಪಾ, ಕೈ ಹಿಡೀಲಾರದ ಸುರುವಿದ್ಲು. ಇನ್ನ ಯಾವ ಡಾಕ್ಟರ್ ಬೈತಾನ?

ಗ್ವಾಡಿ ಮ್ಯಾಲೆ ಆ ಚೀಟಿ ಇನ್ನೂ ಇತ್ತು. ಎಣ್ಣಿ ಹತ್ತಿ, ಹೊಗಿ ಹತ್ತಿ, ಹಳದಿ ಆಗಿತ್ತು. ತಡಿಯಾಕ ಆಗಲಿಲ್ಲ, ಎದ್ದು ಕೀಳಾಕ ಹೋದೆ. ಅಕ್ಕ ಬ್ಯಾಡ ಅಂತ ಕೈ ಹಿಡದ್ಲು.

ಎಲ್ಲಾರೂ ಕೈ ಮುಗದ್ವಿ. ಸ್ವಲ್ಪ ಹೊತ್ತು ಬಿಟ್ಟು, ಮಂದೀನ ಊಟಕ್ಕ ಕುಂದರಸೂಣು ಅಂತ ನಾ ಎದ್ದೆ. ತಡಿ ತಮ್ಮಾ ಅಂತ ಹೇಳಿ ಅಕ್ಕ ಒಳಗ ಹೋದ್ಲು. ಬರೂವಾಗ ಕೈಯಾಗ ಸಣ್ಣ ತಾಟು ಇತ್ತು. ಎರಡು ಒಣಾ ರೊಟ್ಟಿ, ಕುದಿಸಿದ ಹೀರಿಕಾಯಿ, ಒಂದು ಹೋಳು ಪಪ್ಪಾಯಿ, ತೆಳ್ಳನ ಮಜ್ಜಿಗಿ. ಬಾಳಿ ಎಲಿ ಬಾಜುಕ ಇಟ್ಟು ಸೆರಗು ಸರಿ ಮಾಡಿಕೊಂಡ್ಲು.

ಇದೇನ ಅಕ್ಕಾ ಅಂತ ಕೇಳಿದೆ.

"ಊಟ ಆದ ಮ್ಯಾಲೆ ಇದು. ನೀನ ಬರಕೊಟ್ಟಿದ್ದಲ್ಲ? ಅವರು ಒಂದಿನಾ ತಪ್ಪಿಸಿಲ್ಲ."